ಹಸಿ ತಾಮ್ರದ ನೀರು

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ, ಅದು ಉಕ್ಕಿದ್ದರಿಂದ ಒಲೆಯನ್ನೂ ಒರೆಸಿದೆ. ಕುಡಿಯುವ ನೀರು ತುಂಬಿಟ್ಟೆ. ಒಗೆದ ಬಟ್ಟೆಗಳನ್ನು ಗ್ಯಾಲರಿಯ ಹಗ್ಗಕ್ಕೆ ಹಾಕಿದೆ, ಮೋಡ ನೋಡಿ ಒಳಗೆ ತಂದೆ, ಬಿಸಿಲು ನೋಡಿ ಮತ್ತೆ ಹಾಕಿದೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ನನಗಿಂತ ಮೊದಲು ಯಾರದೋ ಕಡಲೆಬೇಳೆ ಬೀಸಿದ್ದರಿಂದ ಹಿಟ್ಟಿಗೆ ಸ್ವಲ್ಪ ಅರಿಸಿನದ ಕಳೆ ಬಂದಿದೆ. ಹೆಂಡತಿಯ ಡ್ಯೂಟಿಯ ಬೂಟುಗಳಿಗೆ ಬಿಳಿ ಪಾಲಿಶ್ ಹಚ್ಚಿದೆ. ಹೊಸ ಬೂಟಿನ ಡಬ್ಬಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣಗಳು ಬರುತ್ತವಲ್ಲ, ಅಂಥವನ್ನು ನಾನು ಊರೆಲ್ಲ ಕೇಳಿ ಕೂಡಿಸಿಟ್ಟಿದ್ದೇನೆ. ಅವನ್ನೆಲ್ಲ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟೆ. ಗಾಜಿನ ಕಪಾಟು ಒರೆಸಿದೆ. ಒಂದು ಹೊಸ ಚೀಟಿ ಬರೆದೆ. ಆಮೇಲೆ ತಾಮ್ರ ನೋಡುತ್ತ ಕುಳಿತೆ. ಈ ಕೊನೆಯದನ್ನು ಕೆಲಸಗಳ ಪಟ್ಟಿಯಲ್ಲಿ ಸೇರಿಸಬಾರದು ಎಂದು ನನ್ನ ಹೆಂಡತಿ ಸುನಂದಾಳ ಅಭಿಪ್ರಾಯ. ಆದರೆ ಇವತ್ತಿನ ಕೆಲಸಗಳಲ್ಲಿ ನನಗೆ ಬೆವರು ಬಂದದ್ದು ಅದೊಂದರಲ್ಲೇ. ಕಾರಣ ಕೊನೆಗೆ ಗೊತ್ತಾಗುತ್ತದೆ.

ಪ್ರಪಂಚದಲ್ಲಿ ಜನ ಏನೇನನ್ನೋ ಕೂಡಿಹಾಕುತ್ತಾರೆ. ಅಂಚೆಚೀಟಿ ಕೂಡಿಸುವವನಿಗೆ ಜೊತೆಗಾರರು ಸಿಗುತ್ತಾರೆ, ಹಳೆಯ ನಾಣ್ಯದವನಿಗೆ ಸಂಘವೇ ಇರುತ್ತದೆ. ನಾನು ಕೂಡಿಸುವುದು ಹಳೆಯ ಗಣಿಗಳಿಂದ ಬಂದ ಅಚ್ಚ ತಾಮ್ರದ ತುಂಡುಗಳನ್ನು. ಅಂದರೆ ಅದಿರನ್ನು ಕುಲುಮೆಯಲ್ಲಿ ಕರಗಿಸಿ ತೆಗೆದ ತಾಮ್ರವಲ್ಲ. ನೆಲದೊಳಗೆ, ಕಲ್ಲಿನ ಬಿರುಕಿನಲ್ಲಿ, ತಾನೇ ಲೋಹವಾಗಿ ಗಿಡದ ಹಾಗೆ ಕವಲೊಡೆದು ಬೆಳೆದ ತಾಮ್ರ. ಹೀಗೆ ಹೇಳಿದ ಕೂಡಲೇ ಕೇಳುವವರ ಮುಖದಲ್ಲಿ ಒಂದು ಮೃದುವಾದ ಭಾವನೆ ಮೂಡುತ್ತದೆ. ರೈಲಿನಲ್ಲಿ ಎದುರಿಗೆ ಕುಳಿತವನಿಗೆ ಹುಷಾರಿಲ್ಲ ಎಂದು ಗೊತ್ತಾದಾಗ ಮೂಡುವ ಭಾವನೆ ಅದು. ಫೋನಿನಲ್ಲಿ ಒಂದು ಗುಂಪಿದೆ ನಿಜ. ದೂರದೂರದ ದೇಶದವರು ತಂತಮ್ಮ ತುಂಡಿನ ಫೋಟೋ ಹಾಕುತ್ತಾರೆ, ಉಳಿದವರು ಹೆಬ್ಬೆರಳು ಎತ್ತುತ್ತಾರೆ. ನಾನೂ ಎತ್ತುತ್ತೇನೆ. ಆದರೆ ಹೆಬ್ಬೆರಳಿನ ಜೊತೆ ಎಷ್ಟು ಹೊತ್ತು ಮಾತಾಡಲು ಬರುತ್ತದೆ?

ನಮ್ಮ ಮನೆಗೆ ಬರುವವರು ಕಪಾಟಿನ ಮುಂದೆ ನಿಲ್ಲುತ್ತಾರೆ, ಇಲ್ಲವೆಂದಲ್ಲ. ಗಾಜಿನಲ್ಲಿ ಮುಖ ಕಾಣುತ್ತದೆ, ಅದಕ್ಕೆ. ನನ್ನ ಭಾವಮೈದುನ ಅಲ್ಲಿ ನಿಂತು ತಲೆ ಬಾಚಿಕೊಂಡು, ಒಳಗೇನಿದೆ ಎಂದು ಕೇಳದೆ, ಗಾಜು ಒಳ್ಳೆಯದಿದೆ ಎಂದು ಹೊಗಳಿ ಹೋದ. ಸುನಂದಾಳಂತೂ ಮದುವೆಯಾದ ಹೊಸದರಲ್ಲೇ ತೀರ್ಪು ಕೊಟ್ಟಿದ್ದಳು. ಅಡುಗೆಮನೆಯ ತಾಮ್ರದ ಕೊಡ ನೀರು ಹಿಡಿಯುತ್ತದೆ, ನಿಮ್ಮ ತಾಮ್ರ ಏನು ಹಿಡಿಯುತ್ತದೆ ಎಂದು ಕೇಳಿದ್ದಳು. ನಾನು ಬಹಳ ಯೋಚಿಸಿ, ಧೂಳು ಎಂದು ಒಪ್ಪಿಕೊಂಡಿದ್ದೆ.

ನಾವು ಗದಗದ ಕಡೆಯವರು. ವಿಲೆ ಪಾರ್ಲೆಯ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಇದ್ದೇವೆ. ನಾನು ಬೈಕುಲ್ಲಾದ ಒಂದು ಯಂತ್ರಭಾಗಗಳ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುತ್ತೇನೆ. ಸುನಂದಾ ಪರೇಲ್‌ನ ಒಂದು ಆಸ್ಪತ್ರೆಯಲ್ಲಿ ಸಿಸ್ಟರ್, ಹೆಚ್ಚಾಗಿ ರಾತ್ರಿಪಾಳಿ. ಮಕ್ಕಳಿಲ್ಲ. ಆ ಬಗ್ಗೆ ಮಾತಾಡುವುದನ್ನೆಲ್ಲ ನಾವಿಬ್ಬರೂ ಮಾತಾಡಿ ಮುಗಿಸಿ ಬಹಳ ಕಾಲವಾಯಿತು. ನಾನು ಕೆಲಸ ಮುಗಿಸಿ ದಾದರ್‌ನಲ್ಲಿ ಲೈನು ಬದಲಿಸಲು ಬ್ರಿಜ್ ಹತ್ತುವ ಹೊತ್ತಿಗೆ, ಅವಳು ಕೆಲಸಕ್ಕೆಂದು ಆ ಕಡೆಯಿಂದ ಅದೇ ಬ್ರಿಜ್ ಹತ್ತುತ್ತಾಳೆ. ನಮ್ಮ ದಾಂಪತ್ಯದ ಮುಖ್ಯ ಸಂಭಾಷಣೆಗಳೆಲ್ಲ ನಡೆದಿರುವುದು ಆ ಬ್ರಿಜ್ಜಿನ ಮೇಲೆ. ಹಿಂದಿನವರು ಅವಳನ್ನು ಅತ್ತ ತಳ್ಳುತ್ತಿರುತ್ತಾರೆ, ನನ್ನ ಹಿಂದಿನವರು ನನ್ನನ್ನು ಇತ್ತ ತಳ್ಳುತ್ತಿರುತ್ತಾರೆ. ಆ ಸಂದಿಯಲ್ಲಿ ಸಾರು ಫ್ರಿಜ್ಜಿನಲ್ಲಿದೆ ಎಂದು ಅವಳು ಹೇಳಬೇಕು, ಗ್ಯಾಸಿನವನು ಬಂದಿದ್ದನೇ ಎಂದು ನಾನು ಕೇಳಬೇಕು. ಒಮ್ಮೆ ಅವಳು ಏನೋ ಕೇಳಿದಳು, ನಾನು ಉತ್ತರ ಕೊಡುವಷ್ಟರಲ್ಲಿ ಜನ ನನ್ನನ್ನು ಮೆಟ್ಟಿಲು ಇಳಿಸಿಯೇ ಬಿಟ್ಟಿದ್ದರು. ಉತ್ತರವನ್ನು ಮರುದಿನ ಅದೇ ಜಾಗದಲ್ಲಿ ಕೊಟ್ಟೆ. ಅವಳಿಗೆ ಪ್ರಶ್ನೆ ಮರೆತಿತ್ತು.

ಹೀಗಾಗಿ ಸಂಜೆಯೆಂದರೆ ನನಗೆ ಖಾಲಿ ಮನೆ. ಬೀಗ ತೆಗೆಯುತ್ತೇನೆ, ಫ್ಯಾನ್ ಹಾಕುತ್ತೇನೆ, ಅದು ಒಂದು ಸಲ ಕಿರ್ ಎಂದು ಸುಮ್ಮನಾಗುತ್ತದೆ. ಆ ಕಿರ್ ಎಂಬುದೇ ನನಗೆ ಬಂದಿರಾ ಎಂದು ಕೇಳಿದ ಹಾಗೆ. ಕೈಕಾಲು ತೊಳೆದು ಕಪಾಟು ತೆರೆದು ಒಂದು ತುಂಡು ಎತ್ತಿಕೊಂಡು ಕಿಟಕಿಯ ಹತ್ತಿರ ಕೂರುತ್ತೇನೆ. ಅದಕ್ಕೆ ಆ ದಿನದ ಸುದ್ದಿ ಹೇಳುತ್ತೇನೆ ಎಂದು ನಾನು ಒಪ್ಪುವುದಿಲ್ಲ. ಆದರೆ ತುಟಿ ಅಲ್ಲಾಡುವುದನ್ನು ಎದುರು ಬಿಲ್ಡಿಂಗಿನವರು ನೋಡಿರಬಹುದು.

ಹೆಚ್ಚಾಗಿ ನಾನು ಎತ್ತಿಕೊಳ್ಳುವುದು ಒಂದೇ ತುಂಡನ್ನು. ಅಂಗೈಯಷ್ಟು ದೊಡ್ಡದು. ಹಸಿಶುಂಠಿಯ ಕೊಂಬಿನ ಹಾಗೆ ಕವಲು ಕವಲು. ಮೈ ಹಳೆಯ ಬೆಲ್ಲದ ಬಣ್ಣ, ಸಂದಿಗಳಲ್ಲಿ ಮಾತ್ರ ತೆಳ್ಳಗೆ ಹಸಿರು. ಬೈಕುಲ್ಲಾದಲ್ಲಿ ಗೋದಾಮಿನ ಪಕ್ಕದ ಭಂಗಾರ್‌ವಾಲಾನ, ಅಂದರೆ ಗುಜರಿಯವನ, ತಕ್ಕಡಿಯಲ್ಲಿ, ಮುರಿದ ಹಿತ್ತಾಳೆ ನಲ್ಲಿಗಳ ನಡುವೆ ಅದು ಮಲಗಿತ್ತು. ಯಾರೋ ಪಾರಸಿ ಗೃಹಸ್ಥರ ಮನೆ ಖಾಲಿ ಮಾಡಿದ ಸಾಮಾನಂತೆ. ನಾನು ತುಂಡನ್ನು ಕೇಳಿದೆ, ಅವನು ಕೊಟ್ಟ. ಅದು ಇದ್ದ ರಟ್ಟಿನ ಡಬ್ಬಿಯನ್ನೂ ಕೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ಡಬ್ಬಿಯೊಳಗೆ ಹತ್ತಿಯ ಕೆಳಗೆ ಮೂರು ಚೀಟಿಗಳಿದ್ದವು. ಒಂದರಲ್ಲಿ ಕಂದು ಶಾಯಿಯಲ್ಲಿ ವಿಲಾಯತಿನ ಕಾರ್ನ್‌ವಾಲ್ ಎಂಬ ಸೀಮೆಯ ಗಣಿಯೊಂದರ ಹೆಸರು, ಅರ್ಧ ಅಳಿಸಿದೆ. ಇನ್ನೊಂದು ಕೋಲಾರದ ಚಿನ್ನದ ಗಣಿಯಲ್ಲಿದ್ದ ಒಬ್ಬ ದೊರೆಯದು. ಆ ಸೀಮೆಯವರು ಬಹಳ ಜನ ಕೋಲಾರಕ್ಕೆ ಗಣಿ ತೋಡಲು ಬಂದಿದ್ದರು. ಮೂರನೆಯದು ಪಾರಸಿಯವರ ಅಚ್ಚು ಹಾಕಿಸಿದ ಚೀಟಿ. ನಮ್ಮ ಸಂಗ್ರಾಹಕರಲ್ಲಿ ಒಂದು ಪದ್ಧತಿಯಿದೆ. ಹಿಂದಿನವರ ಚೀಟಿಯನ್ನು ಯಾರೂ ಎಸೆಯುವುದಿಲ್ಲ. ಅದರ ಕೆಳಗೆ ತಮ್ಮದನ್ನು ಸೇರಿಸುತ್ತಾರೆ. ಸತ್ತವರ ಚೀಟಿಗಳು ಒಂದರ ಕೆಳಗೊಂದು ಇರುವುದರಿಂದಲೇ ಅದು ಬರೀ ಲೋಹವಲ್ಲ, ಚರಿತ್ರೆ. ನಾಲ್ಕನೆಯದನ್ನು ನಾನು ಕನ್ನಡದಲ್ಲಿ ಬರೆದು ಸೇರಿಸಿದ್ದೇನೆ. ಐದನೆಯದು ಯಾರದು ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟು ದೊಡ್ಡದೇನಲ್ಲ. ನಾನು ಬದುಕಿರುವಾಗ ಯಾರಾದರೂ ಒಬ್ಬರು, ಒಂದು ಸಂಜೆ, ಗಾಜಿನ ಮೇಲಿನ ತಮ್ಮ ಮುಖ ಬಿಟ್ಟು, ಗಾಜಿನ ಹಿಂದಿನದನ್ನು ನಿಜವಾಗಿ ನೋಡಬೇಕು. ಅಷ್ಟೇ.

ಈ ಮುಂಬಯಿಯೂ ಲಾವಾ ಆರಿ ಆದ ಕಪ್ಪು ಕಲ್ಲಿನ ಮೇಲೆಯೇ ನಿಂತಿದೆ. ಅಮೆರಿಕದ ಒಂದು ಮಹಾ ಸರೋವರದ ದಂಡೆಯಲ್ಲಿ ಇಂಥದೇ ಕಲ್ಲಿನ ಸಂದಿಗಳಲ್ಲಿ ತಾಮ್ರ ಗಟ್ಟಿಗಟ್ಟಿಯಾಗಿ ಸಿಕ್ಕಿತಂತೆ. ನಮ್ಮ ಕಲ್ಲಿನ ಸಂದಿಗಳಲ್ಲಿ ಸಿಗುವುದು ಬಾಡಿಗೆದಾರರು. ಹೀಗೆ ನಮ್ಮ ಮೇಲಿನ ಮಹಡಿಯ ಸಂದಿಗೆ ಕಳೆದ ವರ್ಷ ಬಂದು ಸೇರಿದವರು ಜಮಖಂಡಿಯ ನೀಲವ್ವ ಆಯಿ. ಮಗ ಕಟ್ಟಡದ ಕಂತ್ರಾಟುದಾರ, ಸೊಸೆ ಬ್ಯಾಂಕಿನವಳು, ಇಬ್ಬರು ಮೊಮ್ಮಕ್ಕಳು. ಆಯಿಯನ್ನು ನಾನು ಲಿಫ್ಟಿನಲ್ಲಿ ಮಾತ್ರ ಕಂಡಿದ್ದೆ. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಮತ್ತು ಲಿಫ್ಟನ್ನು ಸ್ವಲ್ಪವೂ ನಂಬದ ಕಣ್ಣು.

ಒಂದು ಸಂಜೆ ನಾನು ಆ ತುಂಡನ್ನು ಹಿಡಿದು ಕುಳಿತಿದ್ದಾಗ ಬಾಗಿಲು ಸದ್ದಾಯಿತು. ಆಯಿ ನಿಂತಿದ್ದರು. ಕಸದ ಡಬ್ಬಿ ಇಡಲು ಹೊರಗೆ ಬಂದಾಗ ಗಾಳಿಗೆ ಬಾಗಿಲು ಹಾಕಿಕೊಂಡಿತಂತೆ, ಕೀಲಿ ಒಳಗೇ ಉಳಿಯಿತಂತೆ, ಮಗ ಬರುವವರೆಗೆ ಕುಳಿತುಕೊಳ್ಳಲೇ ಎಂದು ಕೇಳಿದರು. ಬೆತ್ತದ ಕುರ್ಚಿ ಕೊಟ್ಟೆ. ಅವರು ಕುಳಿತು, ನನ್ನ ಕೈಯನ್ನೇ ನೋಡಿದರು.

"ಚಹಾಕ್ಕ ಶುಂಠಿ ಕುಟ್ಟಾಕ ಹತ್ತಿದ್ದೇನಪಾ?" ಎಂದರು.

ಇಷ್ಟು ಸಾಕಾಯಿತು ನನಗೆ. ವರ್ಷಗಟ್ಟಲೆ ಕಟ್ಟಿ ನಿಲ್ಲಿಸಿದ್ದ ನೀರಿನ ಹಾಗೆ ನುಗ್ಗಿದೆ. ಇದು ಶುಂಠಿಯಲ್ಲ ತಾಮ್ರ ಎಂದೆ, ಯಾರೂ ಕರಗಿಸದ ತಾಮ್ರ ಎಂದೆ, ಬೆಂಕಿಯನ್ನೇ ಕಾಣದೆ ನೆಲದಿಂದ ಹೀಗೇ ಎದ್ದು ಬಂದದ್ದು ಎಂದೆ. ಮೂರು ಚೀಟಿಗಳನ್ನು ತೆಗೆದು ತೋರಿಸಿದೆ. ಆಯಿ ಬಹಳ ಗಂಭೀರವಾಗಿ ಕೇಳಿ, ತಲೆಯಾಡಿಸಿ, ತಮ್ಮ ತಿಳುವಳಿಕೆಯನ್ನು ಹೇಳಿದರು. ಬೆಂಕಿ ಕಾಣದ್ದು ಅಂದರೆ ಹಸೀದು. ಹಸಿ ಉಳ್ಳಾಗಡ್ಡಿಯ ಸತ್ವ ಬೇಯಿಸಿದ ಉಳ್ಳಾಗಡ್ಡಿಗೆ ಎಲ್ಲಿಂದ ಬರಬೇಕು? ತಾಮ್ರದ್ದೂ ಹಾಗೇ ಇರಬೇಕು. ಸೊಸೆ ತಂದಿರುವ ತಾಮ್ರದ ಬಾಟಲಿ ಬೇಯಿಸಿದ ತಾಮ್ರದ್ದು, ಅದರ ನೀರು ಕುಡಿದು ಮೊಣಕಾಲಿಗೆ ಏನೂ ಗುಣ ಬಂದಿಲ್ಲ. ಈ ಹಸಿ ತಾಮ್ರವನ್ನು ಒಂದು ತಂಬಿಗೆ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕೊಟ್ಟರೆ ದಿನಾ ಸಂಜೆ ಬಂದು ಒಯ್ಯುವೆ ಎಂದರು.

ನಾನು ಬೆವೆತೆ. ಕಾರ್ನ್‌ವಾಲ್‌ನಿಂದ ಸಮುದ್ರ ದಾಟಿ ಕೋಲಾರಕ್ಕೆ, ಕೋಲಾರದಿಂದ ಮುಂಬಯಿಗೆ ಬಂದ ತುಂಡು, ಒಂದು ಸ್ಟೀಲ್ ತಂಬಿಗೆಯಲ್ಲಿ ಮುಳುಗಬೇಕೇ? ಮಳೆಗಾಲದ ಗಾಳಿಯೂ ತಾಗಬಾರದೆಂದು ಬೂಟಿನ ಅಂಗಡಿಯವರ ಕೈಕಾಲು ಹಿಡಿದು ಪೊಟ್ಟಣ ತಂದವನು ನಾನು. ಅದೂ ಅಲ್ಲದೆ ಗಣಿಯ ತುಂಡುಗಳಲ್ಲಿ ತಾಮ್ರದ ಜೊತೆ ಬೇರೆ ಏನೇನು ಸೇರಿರುತ್ತದೋ, ಕೆಲವೊಮ್ಮೆ ವಿಷದಂಥದೂ ಇರುತ್ತದೆ. ಕುಡಿಯುವ ನೀರಿಗೆ ಹಾಕುವಂಥದ್ದೇ ಅಲ್ಲ. ಇದನ್ನು ಹೇಳಿ ಕಳಿಸಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ 'ದಿನಾ ಸಂಜೆ' ಎಂಬ ಮಾತು ಕಿವಿಯಲ್ಲಿ ಇನ್ನೊಂದು ಸಲ ಕೇಳಿಸಿತು. ನಾಳೆಯಿಂದ ಬನ್ನಿ ಆಯಿ ಎಂದುಬಿಟ್ಟೆ.

ಮರುದಿನ ಬೈಕುಲ್ಲಾದಲ್ಲಿ ಅದೇ ಭಂಗಾರ್‌ವಾಲಾನ ಬಳಿ ಹೋಗಿ ಒಂದು ಸಾಮಾನ್ಯ ತಾಮ್ರದ ಪಟ್ಟಿ ತಂದೆ. ಕುಲುಮೆಯಲ್ಲಿ ಚೆನ್ನಾಗಿ ಬೆಂದ, ಶುದ್ಧವಾದ, ಯಾವ ಚರಿತ್ರೆಯೂ ಇಲ್ಲದ ತಾಮ್ರ; ನೀರಿಗೆ ಹಾಕಲು ಚಿಂತೆಯಿಲ್ಲ. ಹುಣಸೆಹಣ್ಣಿನಿಂದ ತಿಕ್ಕಿ, ಕುದಿಸಿ, ಗ್ಯಾಲರಿಯಲ್ಲಿ ಕುಳಿತು ಕುಟ್ಟಾಣಿಯಿಂದ ಬಡಿದು ಸೊಟ್ಟ ಮಾಡಿದೆ, ಭೂಮಿಯೊಳಗಿಂದ ಬಂದಂತೆ ಕಾಣಲಿ ಎಂದು. ಕೆಳಗಿನ ಮನೆಯ ಶಿಂದೆ ಕಾಕಾ ತಲೆ ಹೊರಗೆ ಹಾಕಿ, ಮನೆ ರಿಪೇರಿಗೆ ಸೊಸೈಟಿಯ ಪರವಾನಗಿ ಇದೆಯೇ ಎಂದು ಮರಾಠಿಯಲ್ಲಿ ವಿಚಾರಿಸಿದರು. ನಮ್ಮ ಫೋನಿನ ಗುಂಪಿನಲ್ಲಿ ಅತಿ ದೊಡ್ಡ ಪಾಪವೆಂದರೆ ಸಾದಾ ತಾಮ್ರವನ್ನು ಬಡಿದು ಬಗ್ಗಿಸಿ ಅಚ್ಚ ತಾಮ್ರವೆಂದು ತೋರಿಸುವುದು. ಅಂಥ ಒಬ್ಬನನ್ನು ಗುಂಪಿನಿಂದ ಹೊರಗೆ ಹಾಕುವಾಗ ಎಲ್ಲರಿಗಿಂತ ಖಾರವಾಗಿ ಬರೆದವನು ನಾನೇ.

ಅಂದಿನಿಂದ ಸಂಜೆಗಳಿಗೆ ಒಂದು ಕ್ರಮ ಬಂತು. ನಾನು ಬಂದು ಫ್ಯಾನ್ ಹಾಕುವುದು, ಅದು ಕಿರ್ ಎನ್ನುವುದು, ಆಮೇಲೆ ಬಾಗಿಲಲ್ಲಿ ಆಯಿ ತಂಬಿಗೆಯೊಡನೆ. ನಾನು ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಎಲ್ಲರಿಗೂ ಕಾಣುವಂತೆ ನಿಜವಾದ ತುಂಡು ಹಿಡಿದು ಅಡುಗೆಮನೆಗೆ ಹೋಗುವುದು. ಎಲ್ಲರಿಗೂ ಎಂದರೆ ಆಯಿಗೆ. ಅಲ್ಲಿ ತುಂಡನ್ನು ಹಿಟ್ಟಿನ ಡಬ್ಬಿಯ ಹಿಂದಿಟ್ಟು, ಪಟ್ಟಿಯನ್ನು ತಂಬಿಗೆಗೆ ಬಿಟ್ಟು ತಂದು ಮೇಜಿನ ಮೇಲಿಡುವುದು. ನೀರಿಗೆ ಗುಣ ಇಳಿಯುವ ತನಕ ಕುಳಿತು ಮಾತಾಡಿ, ಆಮೇಲೆ ಒಳಗೆ ಹೋಗಿ ಪಟ್ಟಿ ತೆಗೆದು ತಂಬಿಗೆ ಕೊಡುವುದು. ಗುಣ ಇಳಿಯಲು ಎಷ್ಟು ಹೊತ್ತು ಬೇಕೆಂದು ಶಾಸ್ತ್ರವೇನೂ ಇರಲಿಲ್ಲ. ಮಾತು ಮುಗಿದಾಗ ಗುಣ ಇಳಿದಿರುತ್ತಿತ್ತು.

ನಾನು ಚೀಟಿಗಳ ಕಥೆ ಹೇಳುತ್ತಿದ್ದೆ. ಆಯಿ ಕೇಳುತ್ತಿದ್ದ ಪ್ರಶ್ನೆಗಳು ಯಾವ ಸಂಗ್ರಾಹಕನೂ ಕೇಳುವಂಥವಲ್ಲ. ತುಂಡಿನ ವಯಸ್ಸು ಅವರಿಗೆ ಬೇಡ, ಗಣಿಯ ಹೆಸರು ಬೇಡ. ಕೋಲಾರದ ಆ ದೊರೆಗೆ ಹೆಂಡತಿ ಇದ್ದಳೇ? ಅಡುಗೆ ಯಾರು ಮಾಡುತ್ತಿದ್ದರು? ರಾಗಿಮುದ್ದೆ ಉಣ್ಣಲು ಕಲಿತನೇ? ಇಷ್ಟು ವರ್ಷ ಅವನ ಚೀಟಿ ಇಟ್ಟುಕೊಂಡಿದ್ದೆ, ಅವನು ಏನು ಉಣ್ಣುತ್ತಿದ್ದ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಗಿ ಅವನಿಗೊಬ್ಬ ಅಡುಗೆಯವನನ್ನು ಕಲ್ಪಿಸಿಕೊಟ್ಟೆ. ಆಯಿ ಒಪ್ಪಲಿಲ್ಲ.

"ಅಷ್ಟು ದೂರಿಂದ ತನ್ನ ಊರಿನ ಕಲ್ಲು ಕಟ್ಟಿಗೊಂಡು ಬಂದಾನಂದ್ರ, ಅಂವಗ ಮಾತಾಡಾಕ ಯಾರೂ ಇರ್ಲಿಲ್ಲ ತಮ್ಮಾ," ಎಂದರು. "ಹೊತ್ತು ಮುಳುಗಿದ ಮ್ಯಾಲ ಅದರ ಮಾರಿ ನೋಡಿಕೋತ ಕುಂಡ್ರತಿದ್ದ ಕಾಣ್ತೈತಿ."

ಪಾಪ ದೊರೆ ಎಂದು ನಾನೂ ಮರುಗಿದೆ. ಮಾತು ಯಾರ ಮೇಲೆ ಬಂತೆಂದು ಆಗ ನನಗೆ ಹೊಳೆಯಲಿಲ್ಲ.

ಇದಕ್ಕಿಂತ ದೊಡ್ಡ ತಮಾಷೆಯೆಂದರೆ ನನಗೆ ಆಯಿಯ ಬಗ್ಗೆ ಹುಟ್ಟಿದ ಕರುಣೆ. ಎಷ್ಟು ಒಂಟಿ ಜೀವ, ಒಂದು ತಂಬಿಗೆ ನೀರಿನ ಆಸೆಗೆ ಮೊಣಕಾಲು ನೋವಿಟ್ಟುಕೊಂಡು ಮಹಡಿ ಇಳಿದು ಬರುತ್ತಾರೆ, ನಾನಾದರೂ ನಾಲ್ಕು ಮಾತಾಡಬೇಡವೇ ಎಂದುಕೊಳ್ಳುತ್ತಿದ್ದೆ. ಬ್ರಿಜ್ಜಿನ ಮೇಲೆ ಸುನಂದಾಳಿಗೂ ಹೇಳಿದೆ, ನಾನು ಒಬ್ಬ ಮುದುಕಿಗೆ ಆಸರೆಯಾಗಿದ್ದೇನೆ ಎಂಬ ಧಾಟಿಯಲ್ಲಿ. ಅವಳು ನಕ್ಕು ಏನೋ ಅಂದಳು, ಜನ ನನ್ನನ್ನು ಇಳಿಸಿಬಿಟ್ಟರು. ಆಫೀಸಿನಲ್ಲಿ ಸಂಜೆ ಚಹಾಕ್ಕೆ ನಿಲ್ಲುವುದನ್ನು ಬಿಟ್ಟೆ. ಆಯಿ ಕಾಯುತ್ತಿರುತ್ತಾರೆ ಎಂದು ಎಲ್ಲರಿಗೂ ಹೇಳಿದೆ. ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ ಎಂದು ಹೇಳುವುದರಲ್ಲಿ ಒಂದು ಸುಖವಿದೆ, ಅದನ್ನು ಬಹಳ ಸಲ ಹೇಳಿದೆ.

ಹೋದ ವಾರ ಒಂದು ಸಂಜೆ ಆಯಿ ತಂಬಿಗೆ ಎತ್ತಿಕೊಂಡು ಹೊರಟ ಮೇಲೆ, ಸುನಂದಾ ಅವರಿಗೆಂದು ಕಟ್ಟಿಟ್ಟಿದ್ದ ಶೇಂಗಾ ಚಟ್ನಿಪುಡಿ ನೆನಪಾಯಿತು. ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿದೆ. ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ಯಾರೋ ಬಿಟ್ಟುಹೋದ ಕುಂಡವೊಂದಿದೆ, ಅದರಲ್ಲಿ ದೊಡ್ಡಪತ್ರೆ. ಮೊದಲು ಒಣಗಿ ಕಡ್ಡಿಯಾಗಿದ್ದದ್ದು ಈಚೆಗೆ ಸೊಂಪಾಗಿ ಹರಡಿಕೊಂಡಿದೆ, ಯಾರ ಕೈಗುಣವೋ ಎಂದು ನಾನೇ ಮೆಚ್ಚಿಕೊಂಡಿದ್ದೆ. ಆಯಿ ಅದರ ಮುಂದೆ ಬಗ್ಗಿ, ಹಸಿ ತಾಮ್ರದ ನೀರನ್ನು ಕೊನೆಯ ಹನಿಯವರೆಗೂ ಅದಕ್ಕೆ ಹಾಕುತ್ತಿದ್ದರು.

ನಾನು ನಿಂತೆ. ಆಯಿಯೂ ನೋಡಿದರು. ಅವರು ಗಾಬರಿಯಾಗಲಿಲ್ಲ, ಗಾಬರಿಯಾದವನು ನಾನು, ಕದ್ದು ನೋಡಿದವನ ಹಾಗೆ. ಇವತ್ತು ಬಾಯಿ ರುಚಿ ಇಲ್ಲವೇನೋ ಎಂದು ನಾನೇ ಅವರ ಪರವಾಗಿ ಒಂದು ನೆಪ ಹುಡುಕಿಕೊಟ್ಟೆ. ಆಯಿ ಸೊಂಟ ನೆಟ್ಟಗೆ ಮಾಡಿಕೊಂಡು, ದಿನಾ ಇದೇ ಗಿಡಕ್ಕೆ ಹಾಕುವುದು, ಒಂದು ಗುಟುಕೂ ಕುಡಿದಿಲ್ಲ ಎಂದರು. ಮನೆಯಲ್ಲಿ ಜಮಖಂಡಿಯಿಂದ ತಂದ ತಾಮ್ರದ ಹಂಡೆಯೇ ಇದೆಯಂತೆ, ನೀರಿಗೇನು ಬರ?

"ಮತ್ತ ದಿನಾ ಯಾಕ ಬರ್ತಿದ್ರಿ, ಆಯಿ?"

"ಸುನಂದಾ ಹೇಳಿದ್ಲು," ಎಂದರು ಆಯಿ. "ಒಬ್ಬರ ಕುಂತು ಕಲ್ಲಿನ ಕೂಡ ಮಾತಾಡ್ತಾರ, ಒಂಚೂರು ಹೋಗಿ ನೋಡಿ ಬರ್ರಿ ಅಂತ. ಸುಮ್ಮ ಸುಮ್ಮನ ಬಂದ್ರ ನೀ ಏನ ತಿಳಕೊಂಡೀಯೋ ಅಂತ ನೀರಿನ ನೆವಾ ಮಾಡಿದೆ."

ಮೊದಲ ದಿನದ ಕೀಲಿ ಎಲ್ಲಿತ್ತು ಎಂದು ಕೇಳಿದೆ. ಸೊಂಟಕ್ಕೆ ಸಿಕ್ಕಿಸಿದ್ದನ್ನು ತೋರಿಸಿದರು. ನನಗೂ ಏನೋ ಒಂದನ್ನು ಕಕ್ಕಿಬಿಡಬೇಕೆನಿಸಿತು. ತಂಬಿಗೆಯಲ್ಲಿ ಇಷ್ಟು ದಿನ ಇದ್ದದ್ದು ಆ ತುಂಡಲ್ಲ ಆಯಿ, ಬೇರೆ ತಾಮ್ರ ಎಂದೆ. ಅವರಿಗೆ ಅಚ್ಚರಿಯಾಗಬಹುದೆಂದು ಕಾದೆ.

"ಗೊತ್ತೈತಿ ಬಿಡೋ," ಎಂದರು. "ನೆಲದಾಗಿಂದ ಎದ್ದು ಬಂದ ತಾಮ್ರಕ್ಕ ನಟ್ಟು ಹಾಕೂ ತೂತು ಇರ್ತೈತೇನು?"

ಪಟ್ಟಿಯ ತುದಿಯಲ್ಲಿ ತೂತಿತ್ತು. ಅಷ್ಟು ಬಡಿದಿದ್ದೆ, ಸೊಟ್ಟ ಮಾಡಿದ್ದೆ, ಹುಣಸೆಹಣ್ಣಿನಲ್ಲಿ ತಿಕ್ಕಿದ್ದೆ. ಬೋಲ್ಟಿನ ತೂತು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಯಿ ಅದನ್ನು ಮೊದಲ ದಿನವೇ ನೀರಿನೊಳಗೆ ಕಂಡು, ಸುಮ್ಮನೆ ತಂಬಿಗೆ ಒಯ್ದಿದ್ದರು.

ಚಟ್ನಿಪುಡಿ ಕೊಟ್ಟು ಕೆಳಗೆ ಬಂದೆ. ನಗು ಬರಬೇಕಿತ್ತು, ಬರಲಿಲ್ಲ. ಅಷ್ಟೂ ಸಂಜೆಗಳು ಹೆಂಡತಿ ಹಚ್ಚಿಕೊಟ್ಟ ಡ್ಯೂಟಿ. ವಾರ್ಡಿನಲ್ಲಿ ರೋಗಿಗಳಿಗೆ ಯಾರನ್ನಾದರೂ ಕೂರಿಸಿ ಹೋಗುತ್ತಾರಲ್ಲ, ಹಾಗೆ ನನ್ನ ಹತ್ತಿರ ಆಯಿಯನ್ನು ಕೂರಿಸಲಾಗಿತ್ತು. ನಾನು ಚೀಟಿ ತೋರಿಸಿದ್ದು, ದೊರೆಗೆ ಅಡುಗೆಯವನನ್ನು ಕಲ್ಪಿಸಿದ್ದು, ಆಯಿ ತಲೆಯಾಡಿಸಿದ್ದು, ಎಲ್ಲ ಔಷಧೋಪಚಾರ. ತುಂಡನ್ನು ಯಾರೋ ಒಬ್ಬರು ನೋಡಿದರು ಎಂದುಕೊಂಡಿದ್ದೆ. ಅವರು ನೋಡಿದ್ದು ನನ್ನನ್ನು.

ಮರುದಿನ ಸಂಜೆ ಬೇಕೆಂದೇ ತಡ ಮಾಡಿದೆ. ದಾದರ್‌ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ವಡಾಪಾವ್ ತಿಂದೆ. ಒಂದರ ಹಿಂದೊಂದು ಲೋಕಲ್ ಹೋಗುವುದನ್ನು ನೋಡಿದೆ. ಇವತ್ತು ಆಯಿ ಬಾಗಿಲು ಬಡಿದು ಮರಳಲಿ, ಅವರಿಗೂ ಒಂದು ದಿನ ರಜೆ ಸಿಗಲಿ ಎಂದು ದೊಡ್ಡ ಮನಸ್ಸು ಮಾಡಿದೆ. ಆಮೇಲೆ ಬ್ರಿಜ್ ಹತ್ತಿದೆ, ಮತ್ತು ಎದುರಿಗೆ ಸುನಂದಾ ಬಂದಳು. ಅವಳಿಗೂ ಅವತ್ತು ತಡವಾಗಿತ್ತು. ನಾನು ಬ್ರಿಜ್ಜಿನ ಕಟಾಂಜನ ಹಿಡಿದು ನಿಂತು, ಹಿಂದಿನವರ ಬೈಗುಳ ಕೇಳಿಸಿಕೊಳ್ಳುತ್ತ, ಆಯಿಯನ್ನು ಕಳಿಸಿದ್ದು ನೀನೇ ಅಂತೆ, ಹೌದೇ ಎಂದು ಕೇಳಿದೆ.

ಅವಳೂ ಕಟಾಂಜನ ಹಿಡಿದಳು.

"ನಾ ಹೇಳಿದ್ದು ಒಂದ ದಿನಾ ಹೋಗಿ ನೋಡಿ ಬರ್ರಿ ಅಂತ," ಎಂದಳು. "ಉಳಿದ ದಿನಾ ಎಲ್ಲಾ ಅವರಾಗೇ ಬಂದಾರ್ರಿ."

ಅವಳನ್ನು ಜನ ಒಯ್ಯುವ ಮೊದಲು ಇನ್ನೂ ಸ್ವಲ್ಪ ಹೇಳಿದಳು. ಆಯಿಯ ಮನೆಯಲ್ಲಿ ಮೊಮ್ಮಕ್ಕಳು ಹಿಂದಿಯಲ್ಲಿ ಆಡುತ್ತಾರೆ, ಇಂಗ್ಲಿಷಿನಲ್ಲಿ ಜಗಳಾಡುತ್ತಾರೆ. ಕನ್ನಡ ತಿಳಿಯುತ್ತದೆ, ಉತ್ತರ ಕೊಡಲು ನಾಲಿಗೆ ಏಳುವುದಿಲ್ಲ. ಮಗ ಸೊಸೆ ಬರುವ ಹೊತ್ತಿಗೆ ಆಯಿಯ ಕಣ್ಣುಗಳು ಮುಚ್ಚಿರುತ್ತವೆ. ಅವನು ಏನಾದರೂ ಹೇಳಲಿ, ಕಲ್ಲಿನ ಸುದ್ದಿಯೇ ಆಗಲಿ, ಕನ್ನಡದಲ್ಲಿ ಹೇಳುತ್ತಾನಲ್ಲ ಸಾಕು ಎಂದು ಅವರು ಸುನಂದಾಳಿಗೆ ಹೇಳಿದ್ದರಂತೆ. ಇಷ್ಟು ಹೇಳಿ ಅವಳು ಜನರ ಜೊತೆ ಹೋದಳು. ಬಿಳಿ ಬೂಟು ಒಂದೆರಡು ಸಲ ಕಂಡು ಮರೆಯಾಯಿತು.

ನಾನು ಬಿಲ್ಡಿಂಗಿಗೆ ಓಡುತ್ತಲೇ ಬಂದೆ ಎನ್ನಬೇಕು. ನಮ್ಮ ಬಾಗಿಲಿನ ಮುಂದೆ, ಮೆಟ್ಟಿಲಿನ ಮೇಲೆ, ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಯಿ ಕುಳಿತಿದ್ದರು. ಬೀಗ ತೆಗೆದೆ, ಫ್ಯಾನ್ ಕಿರ್ ಎಂದಿತು, ಆಯಿ ತಂಬಿಗೆ ಮುಂದೆ ಹಿಡಿದರು. ನಾನು ಅಡುಗೆಮನೆಗೆ ಹೋಗಿ ತೂತಿನ ಪಟ್ಟಿಯನ್ನು ಬಿಟ್ಟು ತಂದು ಮೇಜಿನ ಮೇಲಿಟ್ಟೆ. ಗಿಡಕ್ಕೂ ಅಭ್ಯಾಸವಾಗಿರುತ್ತದಲ್ಲ.

ಇವತ್ತು ಭಾನುವಾರ, ಸುನಂದಾಳಿಗೆ ರಜೆ. ಬೆಳಿಗ್ಗೆ ಬರೆದೆ ಎಂದೆನಲ್ಲ, ಆ ಹೊಸ ಚೀಟಿ ತೂತಿನ ತಾಮ್ರದ ಪಟ್ಟಿಗೆ. 'ತಾಮ್ರ. ಬೈಕುಲ್ಲಾ. ಬೆಂದದ್ದು. ನೀಲವ್ವ ಆಯಿಯ ತಂಬಿಗೆಯಿಂದ.' ಕಪಾಟಿನಲ್ಲಿ ಕಾರ್ನ್‌ವಾಲ್‌ನ ಪಕ್ಕದಲ್ಲೇ ಅದಕ್ಕೊಂದು ಜಾಗ ಮಾಡಿದ್ದೇನೆ. ಸಂಜೆ ನೀರಿಗಿಳಿದು, ಒರೆಸಿಕೊಂಡು, ಮತ್ತೆ ಅಲ್ಲಿಗೇ ಬರುತ್ತದೆ. ನಮ್ಮ ಗುಂಪಿನವರಿಗೆ ಗೊತ್ತಾದರೆ ನನ್ನನ್ನೂ ಹೊರಗೆ ಹಾಕುತ್ತಾರೆ.

ಸಂಜೆ ಆಯಿ ಊಟಕ್ಕೇ ಬಂದರು. ಆಗಲೇ ನಾನು ಬೆವೆತದ್ದು. ಕಾರ್ನ್‌ವಾಲ್‌ನ ಆ ತುಂಡನ್ನು ಈವರೆಗೆ ನಾನು ಯಾರ ಕೈಗೂ ಕೊಟ್ಟಿರಲಿಲ್ಲ. ಬೆವರಿನ ಉಪ್ಪು ತಾಮ್ರಕ್ಕೆ ಆಗುವುದಿಲ್ಲ. ತೆಗೆದು ಆಯಿಯ ಅಂಗೈಯಲ್ಲಿಟ್ಟೆ. ಅವರು ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿ, ಮರಿ ಹಿಡಿದ ಹಾಗೆ ಹಿಡಿದುಕೊಂಡು, ಮೊದಲು ತಣ್ಣಗಿತ್ತು, ಈಗ ಬೆಚ್ಚಗಾಯಿತು ಎಂದರು. ಸುನಂದಾ ಅಡುಗೆಮನೆಯ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಗಾಜಿಲ್ಲದೆ ಅವಳು ಅದನ್ನು ನೋಡಿದ್ದು ಇದೇ ಮೊದಲು. ಕೋಲಾರದ ದೊರೆಗೂ ಹೀಗೇ ಬೆಚ್ಚಗಾಗಿರಬೇಕು ಎಂದು ನಾನು ಶುರು ಮಾಡಿದೆ. ಸುನಂದಾ ರೊಟ್ಟಿ ಹೊತ್ತುತ್ತದೆ ಎಂದು ಒಳಗೆ ಹೋದಳು.

ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮೊಸರು, ಮತ್ತು ಆಯಿ ಮೆಟ್ಟಿಲಿನ ಕುಂಡದಿಂದ ಕಿತ್ತು ತಂದ ದೊಡ್ಡಪತ್ರೆಯ ತಂಬುಳಿ ಉಂಡೆವು. ತಂಬುಳಿಗೆ ತಾಮ್ರದ ಗುಣ ಇಳಿದಿದೆಯೇ ಎಂದು ಯಾರೂ ಕೇಳಲಿಲ್ಲ, ಮೂವರೂ ಎರಡೆರಡು ಸಲ ಹಾಕಿಸಿಕೊಂಡೆವು. ಊಟವಾದ ಮೇಲೆ ಆಯಿ ಬೆತ್ತದ ಕುರ್ಚಿಯಲ್ಲಿ ತುಂಡನ್ನು ಮತ್ತೆ ಕೈಗೆ ತೆಗೆದುಕೊಂಡು ಕುಳಿತರು, ಸುನಂದಾ ನೆಲದ ಮೇಲೆ ಗೋಡೆಗೆ ಒರಗಿದಳು. ಇಬ್ಬರು ಕೇಳುಗರು ಒಟ್ಟಿಗೆ ಸಿಕ್ಕಿದ್ದು ನನ್ನ ಜೀವನದಲ್ಲಿ ಇದೇ ಮೊದಲೆಂದು ನಾನು ಮೂರನೆಯ ಚೀಟಿಯ ಕಥೆಯನ್ನು ಬುಡದಿಂದ ಎತ್ತಿಕೊಂಡೆ. ಪಾರಸಿ ಗೃಹಸ್ಥರು ಇನ್ನೂ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ, ಅಷ್ಟರಲ್ಲಿ ಮೊದಲು ಆಯಿಗೆ ನಿದ್ದೆ ಬಂತು, ಅವರ ಹಿಂದೆಯೇ ಸುನಂದಾಳಿಗೆ. ಆಯಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ತುಂಡನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಕುಳಿತೆ. ಉಳಿದ ಕಥೆಯನ್ನು ಅದಕ್ಕೇ ಹೇಳಿ ಮುಗಿಸಿದೆ, ಇಬ್ಬರಿಗೂ ಎಚ್ಚರವಾಗದ ಹಾಗೆ, ಸಣ್ಣ ದನಿಯಲ್ಲಿ.